ಹಸಿ ಬಣ್ಣದ ಮೇಲಿನ ಬೆರಳಚ್ಚು

ಬೆರಳಚ್ಚು ತಜ್ಞೆಯಾಗಿ ಆಕೆ ಅರ್ಧ ಆಯಸ್ಸನ್ನು ಭೂತಗನ್ನಡಿಯ ಹಿಂದೆಯೇ ಕಳೆದಿದ್ದರು. "ಇವಳು ನೆಂಟರ ಮುಖ ಮರೀತಾಳೆ, ಹೆಬ್ಬೆಟ್ಟು ಮರೆಯಲ್ಲ" ಎಂದು ಗಂಡ ಹಾಸ್ಯ ಮಾಡುತ್ತಿದ್ದರು.

ಅಂದು ಕಟಕಟೆಯಲ್ಲಿ ನಿಂತಿದ್ದವನು ಬಣ್ಣ ಬಳಿಯುವವನು; ಆರೋಪ ಮನೆಗಳ್ಳತನ. ಕಿಟಕಿ ಚೌಕಟ್ಟಿನ ಮೇಲಿನ ಬೆರಳಚ್ಚು ಅವನದೇ ಎಂದು ಆಕೆ ಹೇಳಿದರು. ಆದರೆ ಅದು ಹಸಿ ಬಣ್ಣದಲ್ಲಿ ಮೂಡಿ ಒಣಗಿದ್ದ ಗುರುತು. ಕಳ್ಳತನಕ್ಕೆ ಎಷ್ಟೋ ಮೊದಲು, ಅವನು ಅದೇ ಮನೆಗೆ ಬಣ್ಣ ಹೊಡೆದಾಗ ಬಿದ್ದದ್ದು.

ಅದನ್ನೂ ಹೇಳಲು ಆಕೆ ಹೊರಟರು. "ಇನ್ನೊಂದು ವಿಷಯ ಸ್ವಾಮಿ..."

"ಕೇಳಿದ್ದಕ್ಕೆ ಮಾತ್ರ ಹೇಳಿ," ಎಂದರು ನ್ಯಾಯಾಧೀಶರು.

ಕೆದಕಿದರೆ ಇನ್ನೇನು ಹೊರಬೀಳುತ್ತದೋ ಎಂದು ಹೆದರಿದ ಆರೋಪಿಯ ವಕೀಲರು "ಪ್ರಶ್ನೆ ಇಲ್ಲ" ಎಂದು ಕುಳಿತರು.

ಕೋರ್ಟಿನ ಹೊರಗೆ ಆರೋಪಿಯ ತಾಯಿ ತಜ್ಞೆಗೆ ಅಡ್ಡ ನಿಂತರು. "ಏನಮ್ಮಾ, ನನ್ನ ಮಗನ್ನ ಮುಳುಗಿಸಿಬಿಟ್ರಲ್ಲಾ!"

ತಜ್ಞೆ ಹಸಿ ಬಣ್ಣದ ವಿಷಯ ತಿಳಿಸಿದರು. ತಾಯಿ ಓಡಿಹೋಗಿ ವಕೀಲರ ತೋಳು ಹಿಡಿದು ಅದನ್ನೇ ಹೇಳಿದರು.

"ಸಾಕ್ಷಿ ಮುಗೀತು ಅಜ್ಜಿ. ಅವರನ್ನ ಮತ್ತೆ ಕರೆಸಿ ಅಂದ್ರೆ ಜಡ್ಜ್ ಸಾಹೇಬ್ರು ನನಗೇ ಬೈತಾರೆ," ಎಂದು ವಕೀಲರು ಕೈ ಬಿಡಿಸಿಕೊಂಡರು.

ತಾಯಿ ಮತ್ತೆ ತಜ್ಞೆಯ ಬಳಿ ಬಂದರು. "ನೀವೇ ಹೋಗಿ ಒಂದು ಮಾತು ಹೇಳಿ. ಬಾಗಿಲು ಇನ್ನೂ ತೆರೆದೇ ಇದೆಯಲ್ಲ!"

ಬಾಗಿಲು ತೆರೆದೇ ಇತ್ತು. ಒಳಗೆ ಮುಂದಿನ ಮೊಕದ್ದಮೆ ಶುರುವಾಗಿತ್ತು.

"ಈಗ ನಾನು ಹೇಳಿದ್ರೆ ಯಾರೂ ಬರ್ಕೊಳ್ಳಲ್ಲಮ್ಮ," ಎಂದರು ಆಕೆ.