ರೆಕ್ಸಿನ್ ಅಡಿಯ ಆರು ತೂತು

ನನ್ನ ತಂಗಿ ನೆಲಕ್ಕೆ ಮೊಣಕಾಲೂರಿದಾಗ ಇಡೀ ಶಾಲೆ ಚಪ್ಪಾಳೆ ಹೊಡೆಯಿತು. ನಾನೂ ಹೊಡೆದೆ.

ಶಾಲೆಯ ಮೈದಾನದ ನಡುವೆ ಬೆಳ್ಳಿ ಬಣ್ಣದ ಕವಚ ತೊಟ್ಟು ನಿಂತಿದ್ದಳು ಅವಳು. ತಲೆಗೆ ದೊಡ್ಡ ಹೆಲ್ಮೆಟ್, ಮುಖದ ಮೇಲೆ ಕಪ್ಪು ಗಾಜು. ಕೈ ಎತ್ತಿ ಆಡಿಸಿದಳು. ಮಕ್ಕಳೂ ಕೈ ಆಡಿಸಿದರು. ಮತ್ತೆ ಆಡಿಸಿದಳು, ಈ ಸಲ ಜೋರಾಗಿ. ಮಕ್ಕಳೂ ಜೋರಾಗಿ. ಆಮೇಲೆ ಒಂದು ಮೊಣಕಾಲು ಊರಿದಳು. ಇನ್ನೊಂದನ್ನೂ ಊರಿದಳು.

'ಟೀಚರ್ ಆ್ಯಕ್ಟಿಂಗ್ ಭಾರಿ ಮಾಡಾಕತ್ತಾರ ನೋಡ್ರಲೇ!' ಎಂದು ನನ್ನ ಪಕ್ಕದಲ್ಲಿ ಯಾರೋ ಕೂಗಿದರು.

ಅದು ಆ್ಯಕ್ಟಿಂಗ್ ಆಗಿರಲಿಲ್ಲ. ಅವಳಿಗೆ ಉಸಿರು ಸಿಗುತ್ತಿರಲಿಲ್ಲ.

ಇದಾಗಿ ಮೂರು ವಾರ ಕಳೆದಿದೆ. ಮೂರು ವಾರವೂ ನಾನು ಈ ಅಂಕಣದಲ್ಲಿ ಬೇರೆ ಏನೇನೋ ಬರೆದೆ. ಬೈಕಿನ ಸೀಟಿನೊಳಗೆ ಹೆಂಡತಿಗೆ ಕಾಣದಂತೆ ಬೀಡಿ ಕಟ್ಟು ಇಡಲು ಜಾಗ ಮಾಡಿಸಿಕೊಂಡವನ ಕತೆ ಬರೆದೆ, ನೀವು ನಕ್ಕಿರಿ. (ಇಬ್ಬರು ಅಂಗಡಿಗೇ ಬಂದು ಅವನ ಹೆಸರು ಕೇಳಿದರು. ಹೇಳಲಿಲ್ಲ.) ಈ ವಾರ ನಗಿಸುವ ಶಕ್ತಿ ನನಗಿಲ್ಲ.

ಹೊಸದಾಗಿ ಓದುವವರಿಗೆ ಒಂದು ಮಾತು. ಶಹಾಪುರದಲ್ಲಿ ನನ್ನದೊಂದು ಸೀಟ್ ಅಂಗಡಿ ಇದೆ. ಬೈಕು, ಆಟೊ, ಟ್ರ್ಯಾಕ್ಟರ್ ಯಾವುದೇ ಬರಲಿ, ಹರಿದ ಸೀಟಿಗೆ ಹೊಸ ಫೋಮ್ ಕೂರಿಸಿ ರೆಕ್ಸಿನ್ ಎಳೆದು ಹೊಲಿಯುತ್ತೇನೆ. ಓದಿದ್ದು ಏಳನೇ ತರಗತಿ. ಮುಂದಿನದನ್ನೆಲ್ಲ ನನ್ನ ಪಾಲಿಗೂ ಸೇರಿಸಿ ಓದಿದವಳು ತಂಗಿ ಮಲ್ಲಮ್ಮ. ಸುರಪುರದ ಆಚೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಅತಿಥಿ ಶಿಕ್ಷಕಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಈ ಅಂಕಣವನ್ನು ನಾನು ಹಾಳೆಯಲ್ಲಿ ಗೀಚಿಕೊಟ್ಟರೆ ಫೋನಿನಲ್ಲಿ ಟೈಪ್ ಮಾಡಿ ಪತ್ರಿಕೆಗೆ ಕಳಿಸುವವಳೂ ಅವಳೇ.

ಈ ವಾರದ ಹಾಳೆ ಮಾತ್ರ ಅವಳ ಕೈಗೆ ಹೋಗಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದೇನೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಶಾಲೆಯಲ್ಲಿ ವಿಜ್ಞಾನ ಮೇಳ ಇತ್ತು. ಎಂಟನೇ ತರಗತಿಯ ಮಕ್ಕಳು ಮಲ್ಲಮ್ಮನ ಜೊತೆ ಕೂತು ಒಂದು ಕತೆ ಕಟ್ಟಿದ್ದರು. ಮಂಗಳ ಗ್ರಹದಲ್ಲಿ ಒಂದೇ ಒಂದು ನೀರಿನ ಟಾಕಿ. ಅದನ್ನು ಕಾಯಲು ಒಬ್ಬ ಹೆಣ್ಣು ಸಿಪಾಯಿ. ಅವಳಿಗೆ ಬೆಂಕಿ ತಾಗದ, ಗುಂಡು ಹೊಗದ ಕವಚ. ಆ ಕವಚ ತೊಟ್ಟು ಟೀಚರೇ ಮೈದಾನಕ್ಕೆ ಬರಬೇಕು, ಇದು ಮಕ್ಕಳ ಹಟ.

'ಅಣ್ಣಾ, ನೀ ದಿನಾ ಫೋಮ್ ಕೊಯ್ತೀದಿ. ನನಗೊಂದು ಮೈಗಿ ಹಾಕ್ಕೊಳ್ಳೋ ಸೀಟು ಮಾಡಿಕೊಡಂಗಿಲ್ಲೇನು?' ಎಂದಳು.

ಈ ಕೆಲಸಕ್ಕೆ ಇಬ್ಬರೂ ಹೊಸಬರು. ಫೋನಿನಲ್ಲಿ ಯಾರೋ ಮಾಡುವ ವಿಡಿಯೊ ನೋಡುತ್ತ ಕಲಿತೆವು. ಮೊದಲು ಅಳತೆ. ಮೈಗೆ ತೆಳು ಪ್ಲಾಸ್ಟಿಕ್ ಸುತ್ತಬೇಕು, ಮೇಲೆ ಟೇಪ್ ಅಂಟಿಸಬೇಕು, ಪೆನ್ನಿನಲ್ಲಿ ಗೆರೆ ಎಳೆದು, ಗೆರೆಗುಂಟ ಕತ್ತರಿಸಿ ತೆಗೆದರೆ ಅದೇ ನಕಾಶೆ. ನಾನು ಸುತ್ತುತ್ತಿದ್ದಾಗ ಅವ್ವ ಒಳಗೆ ಬಂದಳು.

'ಏನಲೇ ಇದು! ಹೆಣ ಸುತ್ತಿದಂಗ ಸುತ್ತೀದಿ ಹುಡುಗಿಗಿ. ಬಿಚ್ಚು ಮೊದಲ!'

'ಅಳತಿ ತಗೊಳ್ಳಾಕತ್ತಾನ ಬೇ ಅವ್ವಾ. ಉಸಿರು ಆಡ್ತದ, ನೋಡಿಲ್ಲಿ,' ಎಂದು ಮಲ್ಲಮ್ಮ ಗಲ್ಲ ಉಬ್ಬಿಸಿ ಊದಿ ತೋರಿಸಿದಳು. ಎಲ್ಲರೂ ನಕ್ಕೆವು.

ಮಕ್ಕಳು ಆಡುವ ದಪ್ಪ ಫೋಮಿನ ಚಾಪೆ ತಂದೆವು. ಅದನ್ನು ಬಿಸಿ ಮಾಡಿ ಬಗ್ಗಿಸುವ ಮಷಿನ್ ನಮ್ಮಲ್ಲಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಹತ್ತಿರ ಹಿಡಿದು ಕಾಯಿಸಿ, ನೀರಿನ ಕೊಡದ ಹೊಟ್ಟೆಯ ಮೇಲೆ ಒತ್ತಿದೆ. ಭುಜದ ಆಕಾರ ತಾನಾಗಿ ಬಂತು. (ಮೊದಲ ಸಲ ಎರಡೂ ಎಡ ಭುಜವೇ ಆದವು. 'ಬಲಗೈ ಮನ್ಯಾಗ ಬಿಟ್ಟು ಹೋಗ್ಲೇನು?' ಎಂದಳು.) ಮೇಲೆ ಬೆಳ್ಳಿ ಬಣ್ಣದ ರೆಕ್ಸಿನ್. ಗಾಜಿಗೆ ಕಾರಿನ ಕಿಟಕಿಗೆ ಅಂಟಿಸುವ ಕಪ್ಪು ಹಾಳೆ. ಒಳಗಿದ್ದವರಿಗೆ ಹೊರಗೆ ಕಾಣುತ್ತದೆ, ಹೊರಗಿದ್ದವರಿಗೆ ಒಳಗೆ ಏನೂ ಕಾಣುವುದಿಲ್ಲ.

ಹೆಲ್ಮೆಟ್ ತಯಾರಾದ ದಿನ ಮಲ್ಲಮ್ಮ ಪೆನ್ನು ಹಿಡಿದು ಆರು ಕಡೆ ಗುಂಡಗೆ ಗುರುತು ಮಾಡಿದಳು. ಎರಡು ಬಾಯಿಯ ಹತ್ತಿರ, ನಾಲ್ಕು ಕುತ್ತಿಗೆಯ ಹಿಂದೆ. 'ಗಾಳಿಗಿ, ಅಣ್ಣಾ. ಮರಿಬ್ಯಾಡ.' ನಾನು ಮರೆಯಲಿಲ್ಲ. ಆರೂ ಹೊಡೆದೆ.

ಇಲ್ಲಿಯವರೆಗೆ ನನ್ನ ತಪ್ಪಿಲ್ಲ. ತಪ್ಪು ಮೇಳದ ಹಿಂದಿನ ದಿನ ಆಯಿತು.

ಬೈಕಿನ ಸೀಟು ಒಯ್ಯಲು ಬಂದ ಒಬ್ಬ ಗಿರಾಕಿ ಹೆಲ್ಮೆಟನ್ನು ಕೈಯಲ್ಲಿ ಹಿಡಿದು ಮೆಚ್ಚಿದ. ತಿರುಗಿಸಿ ನೋಡಿದ. 'ಏನ್ರಿ ಸೀಟಣ್ಣ, ಇಷ್ಟ ಚಂದ ಮಾಡಿ ಹಿಂದ ಇಲಿ ಕಡದಂಗ ಬಿಟ್ಟೀರಲ್ಲ?' ಎಂದ.

ಇಷ್ಟೇ ಮಾತು. ಅವನು ಹೋದ ಮೇಲೆ ನನಗೂ ಅದು ಇಲಿ ಕಡಿದಂತೆಯೇ ಕಾಣತೊಡಗಿತು. ನಮ್ಮ ಕಸುಬಿನಲ್ಲಿ ತೂತು ಅಂದರೆ ಅವಮಾನ. ಹೊಲಿಗೆಯಲ್ಲಿ ಒಂದು ಸೂಜಿ ತೂತು ಹೆಚ್ಚಾದರೂ ಮಳೆ ನೀರು ಇಳಿದು ಫೋಮ್ ಕೊಳೆಯುತ್ತದೆ, ಗಿರಾಕಿ ವಾಪಸ್ ಬಂದು ಬೈಯುತ್ತಾನೆ. ಇಪ್ಪತ್ತು ವರ್ಷ ನನ್ನ ಕೈ ಕಲಿತದ್ದು ತೂತು ಮುಚ್ಚುವುದನ್ನು. ರೆಕ್ಸಿನ್ ತುಂಡು ಕೊಯ್ದೆ, ಅಂಟಿಸುವ ಸೊಲ್ಯೂಷನ್ ಹಚ್ಚಿದೆ, ಆರೂ ಮುಚ್ಚಿದೆ. ಐದು ನಿಮಿಷದ ಕಾರ್ಯಕ್ರಮ, ಅಷ್ಟರಲ್ಲಿ ಏನಾಗುತ್ತದೆ?

ಸೀಟಿಗೆ ಉಸಿರು ಬೇಕಿಲ್ಲ. ಒಳಗೆ ಕೂರುವವಳು ತಂಗಿ ಎಂಬುದು ಆಗ ನನ್ನ ತಲೆಯಲ್ಲಿ ಇತ್ತೋ ಇಲ್ಲವೋ, ದೇವರಾಣೆ, ನೆನಪಿಲ್ಲ.

ಮರುದಿನ ಶಾಲೆಯ ಒಂದು ಕೋಣೆಯಲ್ಲಿ ಅವಳಿಗೆ ಕವಚ ತೊಡಿಸಿದೆ. ಬೆನ್ನ ಹಿಂದೆ ನೈಲಾನ್ ದಾರವನ್ನು ಸೀಟಿಗೆ ಎಳೆದಂತೆಯೇ ಎಳೆದು ಬಿಗಿದೆ. ಗಂಟು ಕಂಡರೆ ಚಂದವಲ್ಲ ಅಂತ ಒಳಗೆ ತೂರಿಸಿದೆ. ಹೆಲ್ಮೆಟ್ ಹಾಕುವ ಮುಂಚೆ ಅವಳು ಅದರ ಹಿಂಭಾಗವನ್ನು ಬೆರಳಿನಿಂದ ತಡವಿದಳು.

'ಅಣ್ಣಾ, ತೂತ ಎಲ್ಲಿ ಅದಾವ?'

'ಅದಾವ. ಮ್ಯಾಲ ಜಾಳಿಗಿ ಬಟ್ಟಿ ಹಾಕೀನಿ. ಗಾಳಿ ಬರ್ತದ.'

ಒಂದು ಕ್ಷಣವೂ ತಡವರಿಸಲಿಲ್ಲ ನಾನು. ಅವಳು ತಲೆಯಾಡಿಸಿದಳು. ಅಣ್ಣ ಹೇಳಿದನಲ್ಲ, ಮುಗಿಯಿತು. ಹೆಲ್ಮೆಟನ್ನು ಕುತ್ತಿಗೆಯ ಪಟ್ಟಿಗೆ ಸೇರಿಸಿ ಕಟ್ಟಿ, ಆ ಗಂಟನ್ನೂ ಒಳಗೆ ತೂರಿಸಿದೆ.

ಹನ್ನೊಂದು ಗಂಟೆಯ ಬಿಸಿಲು. ನಮ್ಮ ಕಡೆಯ ಬಿಸಿಲನ್ನು ನಿಮಗೆ ನಾನು ವಿವರಿಸಬೇಕೇ? ಐದು ನಿಮಿಷದ ಕಾರ್ಯಕ್ರಮ ಶುರುವಾಗುವುದೇ ತಡವಾಯಿತು. ಮೈಕ್ ಕೈಕೊಟ್ಟಿತು. ಅತಿಥಿಗಳು ಬರಬೇಕಿತ್ತು. ಅವಳು ಮೈದಾನದಲ್ಲಿ ಕಾದಳು.

ಅವಳು ಮೊಣಕಾಲೂರಿದಾಗ ನಾನೂ ಚಪ್ಪಾಳೆ ಹೊಡೆದೆ ಅಂದೆನಲ್ಲ, ಆಗ ಅವಳ ಬಲಗೈ ಕುತ್ತಿಗೆಯ ಹಿಂದೆ ಹೋಯಿತು. ಬೆರಳಿನಿಂದ ಕೆರೆಯಿತು. ಕೆಳಗೆ ಬಿತ್ತು. ಮತ್ತೆ ಅಲ್ಲಿಗೇ ಹೋಯಿತು. ಆ ಕೈ ಏನು ಹುಡುಕುತ್ತಿದೆ ಎಂದು ಆ ಮೈದಾನದಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ.

ಓಡಿದೆ. ಗಂಟು ಸಿಗಲಿಲ್ಲ. ನಾನೇ ಬಚ್ಚಿಟ್ಟ ಗಂಟು. ಕಪ್ಪು ಗಾಜಿನಲ್ಲಿ ನನ್ನ ಮುಖ ಕಂಡಿತು, ಅವಳದು ಕಾಣಲಿಲ್ಲ. 'ಮಲ್ಲೂ, ಮಲ್ಲೂ' ಎಂದೆ. ಒಳಗಿನಿಂದ ಸದ್ದಿಲ್ಲ. ಮಕ್ಕಳು ಇನ್ನೂ ಚಪ್ಪಾಳೆ ಹೊಡೆಯುತ್ತಿದ್ದರು, ನಾನೂ ನಾಟಕದ ಪಾತ್ರ ಎಂದುಕೊಂಡು. ಸೊಂಟದ ಚೀಲದಲ್ಲಿ ರೆಕ್ಸಿನ್ ಕೊಯ್ಯುವ ಬ್ಲೇಡ್ ಇತ್ತು. ಕುತ್ತಿಗೆಯ ಹತ್ತಿರ ಬ್ಲೇಡ್ ಇಡಬೇಕು. ಕೊಯ್ದರೆ ಏನು ಕೊಯ್ಯುತ್ತೇನೆ? ಕೊಯ್ಯದಿದ್ದರೆ? ಪಿ.ಟಿ. ಮಾಸ್ತರರು ಬಂದು ನನ್ನ ಮಣಿಕಟ್ಟು ಹಿಡಿದುಕೊಂಡರು. 'ಸಾವಕಾಶ ರೀ, ಸಾವಕಾಶ' ಎಂದರು. ಇಬ್ಬರೂ ಸೇರಿ ಕೊಯ್ದೆವು.

ಹೆಲ್ಮೆಟ್ ಕಿತ್ತಾಗ ಗಾಜಿನ ಒಳಗಿನಿಂದ ಬೆವರಿನ ನೀರು ಸುರಿಯಿತು. ಅವಳ ತುಟಿಯ ಬಣ್ಣ ನಾನು ಬರೆಯಲಾರೆ.

ಬದುಕಿದಳು. ಆಸ್ಪತ್ರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕಣ್ಣು ಬಿಟ್ಟಳು. ಡಾಕ್ಟರಮ್ಮ ನನ್ನನ್ನು ಕರೆದು, 'ಮುಂಜಾನೆ ಏನರ ತಿಂದಿದ್ರೇನು ಇವರು?' ಎಂದು ಕೇಳಿದರು.

ಅವಳು ಚಹಾ ಮಾತ್ರ ಕುಡಿದಿದ್ದು ನಿಜ. ಆ ನಿಜ ನನಗೆ ಹಗ್ಗದಂತೆ ಸಿಕ್ಕಿತು.

'ಇಲ್ರಿ ಡಾಕ್ಟರಮ್ಮ. ಖಾಲಿ ಹೊಟ್ಟಿಲೇ ನಿಂತಿದ್ಲುರಿ. ಹೇಳಿದ್ರ ಕೇಳಂಗಿಲ್ರಿ.'

ಕೊನೆಯ ಮಾತನ್ನು ಯಾಕೆ ಸೇರಿಸಿದೆ? ಯಾರೂ ಕೇಳಿರಲಿಲ್ಲ.

ಅಂದಿನಿಂದ ಮನೆಗೆ ಬಂದವರೆಲ್ಲ ಅವಳಿಗೇ ಬುದ್ಧಿ ಹೇಳಿದರು. 'ಹೆಣ್ಮಕ್ಕಳಿಗಿ ತಾಕತ್ತು ಬೇಕವ್ವಾ, ಬರೇ ಓದಿದ್ರ ಆಗಂಗಿಲ್ಲ.' ಅವ್ವ ಎದುರಿಗೆ ಕೂತು ರೊಟ್ಟಿ ತಿನ್ನಿಸಿದಳು. ಹೆಡ್‌ಮಾಸ್ತರರ ಮುಂದೆ ಮಲ್ಲಮ್ಮ ತಾನೇ ಹೋಗಿ, 'ನಂದೇ ತಪ್ಪು ರೀ ಸರ್' ಎಂದು ಕೈ ಮುಗಿದು ಬಂದಳು. ನಾನು ಬಾಗಿಲಲ್ಲಿ ನಿಂತಿದ್ದೆ. ತಪ್ಪು ಮಾಡಿದವನ ಕೈಯಲ್ಲಿ ಬ್ಲೇಡ್ ಕಂಡರೆ ಅವನೇ ಕಾಪಾಡಿದವನು ಎಂದು ಜನ ಬೆನ್ನು ತಟ್ಟುತ್ತಾರೆ. ನನಗೂ ತಟ್ಟಿದರು. ಶಾಲು ಹೊದಿಸುತ್ತೇವೆ ಎಂದರು. ಬೇಡ ಅಂದದ್ದನ್ನು ವಿನಯ ಅಂದುಕೊಂಡರು.

ಇಷ್ಟಾದರೂ ನಾನು ಬಾಯಿ ಬಿಡುತ್ತಿರಲಿಲ್ಲವೇನೋ. ಆದರೆ ಹೋದ ಸೋಮವಾರ ಅವಳು ಅಂಗಡಿಗೆ ಬಂದಳು.

'ಅಣ್ಣಾ, ಯಾದಗಿರಿಗಿ ಕರದಾರ. ಮುಂದಿನ ವಾರ ಗುರುವಾರ ಜಿಲ್ಲಾ ಮಟ್ಟದ ಮೇಳ. ಕೊಯ್ದಿದ್ದು ಹೊಲದು ಕೊಡು. ಈ ಸಲ ಎರಡು ರೊಟ್ಟಿ ತಿಂದ ಮ್ಯಾಲೇ ಹಾಕ್ಕೊಂತೀನಿ, ಆಯ್ತಿಲ್ಲೋ?'

ನಕ್ಕಳು. ನಾನು ಸೂಜಿಗೆ ದಾರ ಪೋಣಿಸುತ್ತ ಕೂತೆ.

ಎರಡು ರೊಟ್ಟಿ! ನನ್ನ ಸುಳ್ಳನ್ನು ಅವಳು ಪೂರ್ತಿ ನಂಬಿದ್ದಾಳೆ. ನಂಬಿ, ಮತ್ತೆ ಅದೇ ಹೆಲ್ಮೆಟಿನೊಳಗೆ ತಲೆ ಇಡುತ್ತಾಳೆ. ಗುಟ್ಟಾಗಿ ತೂತು ಬಿಡಿಸಿಬಿಡಲೇ ಎಂದು ಯೋಚಿಸಿದೆ. ರೆಕ್ಸಿನ್ ಕಿತ್ತರೆ ಸೊಲ್ಯೂಷನ್ ಕಲೆ ಉಳಿಯುತ್ತದೆ, ಜಾಳಿಗಿ ಬಟ್ಟೆ ಎಲ್ಲಿ ಎಂದು ಕೇಳುತ್ತಾಳೆ. ಕೀಳದಿದ್ದರೆ? ಆ ಪ್ರಶ್ನೆಯನ್ನು ಪೂರ್ತಿ ಯೋಚಿಸಲೂ ಭಯ.

ಮಂಗಳವಾರ ಕೊಯ್ದ ಪಟ್ಟಿ ಹೊಲಿದು ಮುಗಿಸಿ, ಗಿರಾಕಿ ಇಲ್ಲದ ಹೊತ್ತು ನೋಡಿ ಹೆಲ್ಮೆಟನ್ನು ನಾನೇ ಹಾಕಿಕೊಂಡೆ. ಅವಳು ಕಂಡದ್ದನ್ನು ಕಾಣಬೇಕಿತ್ತು. ಕುತ್ತಿಗೆಯ ಪಟ್ಟಿ ಬಿಗಿದು ಒಂದು, ಎರಡು ಎಂದು ಎಣಿಸಿದೆ. ಇಪ್ಪತ್ತಕ್ಕೆ ಉಸಿರು ಬಿಸಿಯಾಗಿ ಮುಖಕ್ಕೇ ವಾಪಸ್ ಬಂತು. ಮೂವತ್ತಕ್ಕೆ ಗಾಜು ಮಬ್ಬಾಯಿತು, ಅಂಗಡಿ ಮಾಯವಾಯಿತು. ಸೊಲ್ಯೂಷನ್ ವಾಸನೆ ಗಂಟಲಿಗೆ ಇಳಿಯಿತು. ಎದೆ ಬಡಿತ ಕಿವಿಯಲ್ಲಿ. ನನ್ನ ಕೈ ತಾನಾಗಿ ಕುತ್ತಿಗೆಯ ಹಿಂದೆ ಹೋಗಿ ಕೆರೆಯಿತು, ಅವಳದು ಹೋದ ಜಾಗಕ್ಕೇ. ಹೊರಗೆ ಯಾರೋ 'ಸೀಟಣ್ಣಾ' ಎಂದು ಕರೆದದ್ದು ಬಾವಿಯ ಮೇಲಿನಿಂದ ಕರೆದಂತೆ ಕೇಳಿತು. ಐವತ್ತೂ ದಾಟಲಿಲ್ಲ, ಪಟ್ಟಿ ಹರಿದು ತೆಗೆದೆ. ನಾನಿದ್ದದ್ದು ನೆರಳಿನಲ್ಲಿ, ಫ್ಯಾನಿನ ಕೆಳಗೆ. ಮೈಗೆ ಕವಚ ಇರಲಿಲ್ಲ. ಬಾಗಿಲು ತೆರೆದಿತ್ತು. ಕಿತ್ತುಕೊಳ್ಳಲು ಪಟ್ಟಿ ನನ್ನ ಕೈಗೆ ಸಿಗುವಂತಿತ್ತು.

ಅವಳಿಗೆ ಇದ್ಯಾವುದೂ ಇರಲಿಲ್ಲ. ನನ್ನ ಮಾತೊಂದಿತ್ತು.

ನಿಮ್ಮ ಮನೆಯಲ್ಲೂ ಯಾರೋ 'ಬಿಗಿ ಆಗ್ತದ' ಅಂದಾಗ 'ಸ್ವಲ್ಪ ತಡಕೋ, ಚಂದ ಕಾಣ್ತದ' ಎಂದವರು ಇರಬಹುದು. ಚಪ್ಪಲಿಯ ವಿಷಯವೋ, ಮದುವೆಯ ವಿಷಯವೋ ನನಗೆ ಗೊತ್ತಿಲ್ಲ. ಬಿದ್ದ ಮೇಲೆ ಒಳಗಿದ್ದವರಿಗೇ ತಾಕತ್ತಿಲ್ಲ ಅನ್ನುವುದು ಎಷ್ಟು ಸಲೀಸು! ನಾನು ಅಂದಿದ್ದೇನೆ. ಅದಕ್ಕೇ ಹೇಳುತ್ತಿದ್ದೇನೆ.

ಎದುರಿಗೆ ನಿಂತು ಹೇಳಲು ಮೂರು ಸಲ ಹೋದೆ. ಮೂರು ಸಲವೂ 'ಚಹಾ ಆಯ್ತೇನು?' ಎಂದು ಕೇಳಿ ಬಂದೆ. ಹಾಳೆಯ ಮೇಲಾದರೆ ಬರೆಯಬಲ್ಲೆ ಅನಿಸಿತು. ಅದನ್ನೂ ಅವಳೇ ಕಲಿಸಿದ್ದು.

ನಿನ್ನೆ ಆರೂ ತುಂಡು ಕಿತ್ತಿದ್ದೇನೆ. ಕಲೆ ಹಾಗೇ ಬಿಟ್ಟಿದ್ದೇನೆ. ದಾರ ತೆಗೆದು, ಹಾಕಿಕೊಂಡವರ ಕೈಗೇ ಸಿಗುವಂತೆ ಮುಂದೆ ಎರಡು ಬಕಲ್ ಹೊಲಿದಿದ್ದೇನೆ. ನೋಡಲು ಚಂದವಿಲ್ಲ. ಗುರುವಾರ ಅದನ್ನು ತೊಡುತ್ತಾಳೋ, ಅಂಗಡಿಯ ಮುಂದೆ ತಂದು ಎಸೆಯುತ್ತಾಳೋ, ಅವಳಿಗೆ ಬಿಟ್ಟದ್ದು.

ಭಾನುವಾರ ಬೆಳಗ್ಗೆ ಪತ್ರಿಕೆ ಬಂದ ಕೂಡಲೇ ಅವಳು ಮೊದಲು ತೆಗೆಯುವುದು ಈ ಪುಟವನ್ನು. ಓದಿ ತಲೆ ಎತ್ತುವಾಗ ನಾನು ಎದುರಿಗೇ ಕೂತಿರುತ್ತೇನೆ, ಮುಖದ ಮೇಲೆ ಕಪ್ಪು ಗಾಜಿಲ್ಲದೆ.