ಕುಡಿಯದವನ ಹೊಟ್ಟೆ

ರಾಯಕೋಟೆ ಸಂತೆಯಲ್ಲಿ ಟೊಮೇಟೊ ಮಾರುವ ಬೈರಮ್ಮನ ಗಂಡ ಮುನಿಶಾಮಿ ಹೆಂಡದಂಗಡಿಯ ಹೊಸ್ತಿಲು ತುಳಿದವನಲ್ಲ. ವಾಸನೆ ಬಂದರೇ ಮೂಗು ಮುಚ್ಚಿಕೊಳ್ಳುವ ಪ್ರಾಣಿ. ಅಂಥವನಿಗೆ ಎಪ್ಪತ್ತೆಂಟನೇ ಇಸವಿಯಲ್ಲಿ ಕಾಲು ಊದಿತು, ಕಣ್ಣು ಹಳದಿಯಾಯಿತು, ಹೊಟ್ಟೆ ತುಂಬು ಬಸುರಿಯದಂತೆ ಮುಂದೆ ಬಂತು. ಪೇಟೆಯ ಡಾಕ್ಟರು ಹೊಟ್ಟೆ ಒತ್ತಿ, "ಲಿವರ್ ಕೆಟ್ಟಿದೆ, ಕುಡಿಯೋದು ಬಿಡಪ್ಪ" ಎಂದು ಮುಂದಿನವನನ್ನು ಕರೆದರು. ಆ ಹಾಳು ಮಾತು ಬಸ್ಸಿಗಿಂತ ಮೊದಲು ಊರು ಸೇರಿತು.

ಮುನಿಶಾಮಿಯ ಅಣ್ಣ ದೊಡ್ಡಣ್ಣ ಮರ್ಯಾದೆಗೆ ಅಂಜುವ ಮನುಷ್ಯ. "ಕುಡಿಯಲ್ಲ ಅನ್ನೋದಾದ್ರೆ ಮುನೇಶ್ವರನ ಮುಂದೆ ಕರ್ಪೂರ ಆರಿಸಿ ಆಣೆ ಮಾಡು ಕಣ್ಲಾ" ಎಂದ. ಮುನಿಶಾಮಿ ಉರಿಯುವ ಕರ್ಪೂರವನ್ನು ಅಂಗೈ ಮೇಲೆ ಹಿಡಿದು, "ಒಂದು ತೊಟ್ಟು ಮುಟ್ಟಿದ್ರೂ ಈ ಹೊಟ್ಟೆ ಒಡ್ದೋಗ್ಲಿ" ಎಂದು ಆಣೆಯಿಟ್ಟು ಮುಷ್ಟಿ ಬಿಗಿದ. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಹೊಟ್ಟೆ ಮಾತ್ರ ಇನ್ನಷ್ಟು ಉಬ್ಬಿತು. ಊರಿಗೆ ಬೇರೆ ಸಾಕ್ಷಿ ಬೇಕೆ? ಸುಳ್ಳಾಣೆಗೆ ದೇವರು ಕೊಟ್ಟ ಉತ್ತರ ಎಂದರು.

ಬೈರಮ್ಮ ಯಾರನ್ನೂ ಕೇಳದೆ ಗಂಡನನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಅಲ್ಲಿನ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು, ಕರಿಗುಡ್ಡೆಯ ಅಂಚಿನ ಕಂದು ಬಳೆಯನ್ನು ತೋರಿಸಿದರು. ಪಕ್ಕೆಲುಬಿನ ನಡುವೆ ಸೂಜಿ ಹಾಕಿ ಲಿವರಿನ ಚೂರು ತೆಗೆದು ನೋಡಿದರು.

"ಇದು ಹೆಂಡದ ಕೆಲಸ ಅಲ್ಲ ತಾಯಿ. ಊಟದಲ್ಲಿ ಬರೋ ತಾಮ್ರ ನಮ್ಮ ಮೈಯಿಂದ ಹೊರಗೆ ಹೋಗತ್ತೆ, ಇವರಿಗೆ ಹೋಗಲ್ಲ. ಹುಟ್ಟಿನಿಂದ ಬಂದ ದೋಷ. ಲಿವರಲ್ಲಿ ಕೂತು ಗಾಯ ಮಾಡಿದೆ, ಗಾಯ ಗಟ್ಟಿಯಾಗಿದೆ. ಜೀವ ಇರೋವರೆಗೂ ಮಾತ್ರೆ ತಗೋಬೇಕು. ಗಾಯ ಬೆಳೀತಿದೆಯಾ ಅಂತ ಆರು ತಿಂಗಳಿಗೊಮ್ಮೆ ನೋಡಬೇಕು. ಒಡಹುಟ್ಟಿದವರಿಗೂ ಇರಬಹುದು, ಅವರನ್ನೂ ಕರ್ಕೊಂಡು ಬನ್ನಿ. ಮೊದಲೇ ಗೊತ್ತಾದ್ರೆ ಉಳಿಸ್ಕೋಬಹುದು, ಬಿಟ್ರೆ ಒಂದಿನ ರಕ್ತ ಕಾರ್ಕೊಂಡು ಬೀಳ್ತಾರೆ."

ಬೈರಮ್ಮ ಬಸ್ಸಿಳಿದು ನೇರ ದೊಡ್ಡಣ್ಣನ ಮನೆಗೆ ಹೋದಳು. ಕಿರಿಯ ತಮ್ಮ ರಾಮಾಂಜಿನಪ್ಪ ಅಲ್ಲೇ ಇದ್ದ.

"ಭಾವ, ನೀವಿಬ್ರೂ ಒಂದ್ಸಲ ತೋರಿಸ್ಕಂಡ್ ಬನ್ನಿ."

"ಇವ್ನಿಗೆ ಹೆಣ್ಣು ಗೊತ್ತಾಗೈತೆ ಕಣಮ್ಮ. ಲಿವರ್ ತೋರ್ಸಕ್ ಹೋದ ಅಂದ್ರೆ ಕುಡುಕ ಅಂತಾರೆ. ನಿನ್ ಗಂಡ ಮಾನ ಕಳೆದಿದ್ದು ಸಾಲ್ದಾ?" ಎಂದು ದೊಡ್ಡಣ್ಣ ತಮ್ಮನ ಕಡೆ ಕೈ ತೋರಿಸಿ ಗದರಿದ.

ರಾಮಾಂಜಿನಪ್ಪನ ಮದುವೆಯಾಯಿತು. ಮುನಿಶಾಮಿ ಆರು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಹೊಟ್ಟೆ ತೋರಿಸಿ, ರಕ್ತ ಕೊಟ್ಟು ಬರುತ್ತಿದ್ದ. ಮತ್ತೆ ಸೂಜಿ ಹಾಕಿಸಿಕೊಂಡದ್ದೂ ಉಂಟು. "ಗಾಯ ಬೆಳೆದಿಲ್ಲ" ಎಂಬ ಒಂದು ಮಾತನ್ನು ಹಿಡಿದು ಬೈರಮ್ಮ ಮುಂದಿನ ಸಲದವರೆಗೆ ಉಸಿರಾಡುತ್ತಿದ್ದಳು. ನಿಧಾನಕ್ಕೆ ಹೊಟ್ಟೆ ಇಳಿಯಿತು. ಆಗಲೂ ಊರು ಸುಮ್ಮನಿರಲಿಲ್ಲ. ಕುಡಿತ ಬಿಟ್ಟ, ಅದಕ್ಕೇ ಇಳಿಯಿತು ಎಂದಿತು.

ಹೋಗಿ ಬಂದಾಗಲೆಲ್ಲ ಅವಳು ರಾಮಾಂಜಿನಪ್ಪನನ್ನು ಗೋಗರೆಯುವಳು. "ನಂಗೇನಾಗೈತೆ ಅತ್ಗೆ, ಗುಂಡ್ಕಲ್ಲಂಗಿವ್ನಿ" ಎಂದು ಅವನು ನಗುವನು.

ಎಂಬತ್ಮೂರರಲ್ಲಿ ಆ ಗುಂಡುಕಲ್ಲು ರಾಗಿ ಹೊಲದಲ್ಲಿ ರಕ್ತ ಕಾರಿಕೊಂಡು ಬಿತ್ತು. ಕೃಷ್ಣಗಿರಿ ಮುಟ್ಟುವ ಮೊದಲೇ ಪ್ರಾಣ ಹೋಯಿತು.

ದೊಡ್ಡಣ್ಣ ಹೆಣದ ಪಕ್ಕ ಕೂತು, ಮುನಿಶಾಮಿಯ ಸುಟ್ಟ ಕಲೆಯ ಕೈ ಹಿಡಿದು ಗೊಳೋ ಎಂದು ಅತ್ತ. "ನೀನಾದ್ರೂ ಬಿಟ್ಟೆ, ಉಳ್ಕಂಡೆ ಕಣ್ಲಾ. ಇವ್ನು ನಮಗ್ಯಾರ್ಗೂ ಗೊತ್ತಾಗ್ದಂಗೆ ಕುಡ್ದು ಸತ್ನಲ್ಲೋ!" ಸತ್ತವನ ಹೆಂಡತಿ ಕೊಂಡಮ್ಮ ಕೂಡ ಹೌದೇನೋ ಎಂಬಂತೆ ತಲೆ ತಗ್ಗಿಸಿದಳು.

ಬೈರಮ್ಮ ದೊಡ್ಡಣ್ಣನ ಮುಂದೆ ಬಂದು ನಿಂತಳು.

"ಕರ್ಪೂರ ತಂದ್ಕೊಡ್ಲಾ ಭಾವ?" ಎಂದಳು. "ಇವನ ಅಂಗೈ ಮೇಲೂ ಇಟ್ಟು ಕೇಳ್ಬುಡಿ."

ಹೊರಗೆ ಚಟ್ಟಕ್ಕೆ ಬಿದಿರು ಸೀಳುತ್ತಿದ್ದರು.