ಹಸಿರು ರಟ್ಟಿನ ನಿಯಮ

ಮುಂಗಡ ಕೊಟ್ಟಾಯಿತೇ ಎಂಬ ಪ್ರಶ್ನೆಯನ್ನು ಮೊದಲ ದಿನವೇ ಕೇಳಬಾರದಿತ್ತೇ? ಸೀಮೆಎಣ್ಣೆಯ ಸಿಟ್ಟು ಇವತ್ತಿಗೂ ಅದೊಂದರ ಮೇಲೆಯೇ. ಆರು ವರ್ಷವಾಯಿತು. ಬ್ಯಾಂಕಿನ ಮುಂದೆ ಹಾದುಹೋಗುವಾಗಲೆಲ್ಲ ಆ ಗಾಜಿನ ಬಾಗಿಲನ್ನು ಕೆಕ್ಕರಿಸಿ ನೋಡಿ, "ಕುರ್ಚಿ ಕೊಟ್ರು, ಟೀ ಕೊಟ್ರು, ಕೇಳಬೇಕಾದ್ದು ಮಾತ್ರ ಕೇಳಲಿಲ್ಲ" ಎಂದು ಗೊಣಗಿಯೇ ಮುಂದೆ ಹೆಜ್ಜೆ ಇಡುತ್ತಾನೆ.

ಸೀಮೆಎಣ್ಣೆ ಎಂಬುದು ಬೀದಿಯವರು ಇಟ್ಟ ಹೆಸರು. ಕಡ್ಡಿ ಗೀರುವುದು ಹಾಗಿರಲಿ, ಕಡ್ಡಿಪೆಟ್ಟಿಗೆ ತೋರಿಸಿದರೂ ಭಗ್ಗೆನ್ನುವ ಆಸಾಮಿ. ಕಸುಬು ಪುಸ್ತಕ ಕಟ್ಟುವುದು. ಮಸೀದಿಯ ಹಿಂದಿನ ಓಣಿಯಲ್ಲಿ ಒಂದೇ ಕೋಣೆಯ ಅಂಗಡಿ. ಕಿಟಕಿಯ ಪಕ್ಕ ಮರದ ಒತ್ತುಯಂತ್ರ, ಮೂಲೆಯಲ್ಲಿ ಅಂಟಿನ ಡಬ್ಬಿ, ಗೋಡೆಗೆ ಮೇಣ ಹಚ್ಚಿದ ದಾರದ ಉಂಡೆಗಳು. ಓದಿದ್ದು ನಾಲ್ಕನೇ ಇಯತ್ತೆ. ಆದರೆ ಮಸೀದಿ ಸಮಿತಿಯ ಶಾಲೆಯಲ್ಲಿ ಮೂವತ್ತು ವರ್ಷದಿಂದ ಹರಿದ ಪಾಠಪುಸ್ತಕ, ಹಾಜರಿ ಪುಸ್ತಕ, ಕುರಾನ್ ತರಗತಿಯ ಬೋಧಿನಿ, ಯಾವುದೇ ಇರಲಿ, ಅವನ ಕೈಯ ಹೊಲಿಗೆ ಇಲ್ಲದ ಬೆನ್ನು ಸಿಗುತ್ತಿರಲಿಲ್ಲ. "ನಾನು ಓದಿಲ್ಲ, ಆದ್ರೆ ಓದೋರ ಪುಸ್ತಕ ಬಿಚ್ಚಿಹೋಗೋಕೆ ಬಿಟ್ಟಿಲ್ಲ" ಎಂದು ಹೇಳಿಕೊಳ್ಳುವುದು ಅವನಿಗೆ ಇಷ್ಟ.

ಬಡ್ಡಿ ಎಂದರೆ ಅವನಿಗೆ ಮೈ ಉರಿ. ಅಪ್ಪನ ಕಾಲದಲ್ಲಿ ಅಂಗಡಿಯ ಒಳ್ಳೆಯ ಯಂತ್ರ ಬಡ್ಡಿಗೇ ಹೋಗಿತ್ತು. ಅದನ್ನು ಹೊತ್ತೊಯ್ದ ದಿನ ಅಪ್ಪ ಖಾಲಿ ಜಾಗದಲ್ಲಿ ಚಾಪೆ ಹಾಸಿ ಮಲಗಿದ್ದನ್ನು ಅವನು ನೋಡಿದ್ದ. ಹಾಗಾಗಿ ಊರಿನಲ್ಲಿ ಬಡ್ಡಿಯಿಲ್ಲದ ಬ್ಯಾಂಕು ಶುರುಮಾಡಬೇಕೆಂದು ಶಾಲೆಯ ಸಭಾಂಗಣದಲ್ಲಿ ಜನ ಸೇರಿದಾಗ ಮೊದಲ ಸಾಲಿನಲ್ಲಿ ಕೂತವನು ಇವನೇ. ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದವನೂ ಇವನೇ.

"ಬಡ್ಡಿಗೆ ಲಾಭ ಅಂತ ಹೆಸರಿಟ್ಟು ತಿನ್ನೋದಾದ್ರೆ ಈ ಬಾಗಿಲು ಇವತ್ತೇ ಮುಚ್ಚಿ! ಯಾರಿಗಾದ್ರೂ ಯಂತ್ರ ಬೇಕಾ? ಬ್ಯಾಂಕು ಮೊದಲು ಅದನ್ನ ಕೊಂಡ್ಕೊಳ್ಲಿ. ಒಂದು ದಿನ ಆದ್ರೂ ಅದು ಬ್ಯಾಂಕಿನ ಸ್ವತ್ತಾಗಿರ್ಲಿ. ಆ ದಿನ ಸುಟ್ಟುಹೋದ್ರೆ ನಷ್ಟ ಬ್ಯಾಂಕಿಗೆ. ಆಮೇಲೆ ಬೆಲೆ ಹೇಳಿ ಮಾರ್ಲಿ, ಕಂತಲ್ಲಿ ವಸೂಲು ಮಾಡ್ಲಿ. ಅದು ವ್ಯಾಪಾರ. ಬರೀ ದುಡ್ಡು ಕೊಟ್ಟು ಜಾಸ್ತಿ ದುಡ್ಡು ಕೇಳಿದ್ರೆ ಅದು ನಮ್ಮಪ್ಪನ ಯಂತ್ರ ತಿಂದ ಬಡ್ಡೀನೇ!"

ಜನ ಚಪ್ಪಾಳೆ ತಟ್ಟಿದರು. ನಿಯಮವನ್ನು ಹಾಗೆಯೇ ಬರೆದುಕೊಂಡರು. ಆ ನಿಯಮದ ಪುಸ್ತಕಕ್ಕೆ ಸೀಮೆಎಣ್ಣೆಯೇ ಹಸಿರು ಬಟ್ಟೆಯ ರಟ್ಟು ಕಟ್ಟಿ, ಕಾಸು ಬೇಡವೆಂದು ಕೈಯಲ್ಲಾಡಿಸಿ ಬಂದ.

ಕೆಲವು ವರ್ಷಗಳ ಮೇಲೆ ಶಾಲೆಗೆ ಹೊಸ ಹೆಡ್ಮಿಸ್ಸು ಬಂದರು. ಬಂದ ಮೂರೇ ತಿಂಗಳಲ್ಲಿ ಗೋಡೆಯ ಕರಿಹಲಗೆ ಹೋಗಿ ಬಿಳಿ ಪರದೆ ಬಂತು. ಒಪ್ಪಿಸುವ ಪಾಠ ಕಡಿಮೆಯಾಗಿ ಮಾಡಿನೋಡುವ ಪಾಠ ಜಾಸ್ತಿಯಾಯಿತು. ಮನೆಯಲ್ಲಿರುವ ಹೆಂಗಸರಿಗೆ ಹತ್ತನೇ ತರಗತಿ ಮುಗಿಸಲು ಮಧ್ಯಾಹ್ನದ ತರಗತಿಯನ್ನೂ ತೆರೆದರು. ಸೀಮೆಎಣ್ಣೆ ಹೋಗಿ ಆ ಪರದೆಯನ್ನು ಮುಟ್ಟಿ ನೋಡಿ ಬಂದ. ಪರದೆಗೆ ರಟ್ಟು ಕಟ್ಟುವುದು ಹೇಗೆ?

ಆದರೆ ಹೆಡ್ಮಿಸ್ಸು ಅವನನ್ನು ಕರೆಸಿ ಅವನ ಕೈಗೆ ಒಂದು ಮಾದರಿ ಕೊಟ್ಟರು. "ಮಕ್ಕಳಿಗೆ ಅಭ್ಯಾಸ ಪುಸ್ತಕ ಬೇಕು. ಹಾಳೆಯಲ್ಲಿ ಬರೆದು, ಹರಿದು ಕೊಡಬೇಕು. ಹರಿಯೋ ಗೆರೆಯಲ್ಲಿ ಸಣ್ಣ ತೂತಿನ ಸಾಲಿರಬೇಕು. ಸಾವಿರದ ಎಂಟುನೂರು ಪುಸ್ತಕ. ಶಾಲೆ ತೆರೆಯೋಕೆ ನಲವತ್ತು ದಿನ ಇದೆ. ಆಗುತ್ತಾ?"

"ಯಾಕಾಗಲ್ಲ ಮಿಸ್?" ಎಂದುಬಿಟ್ಟ. ತೂತು ಹಾಕುವ ಯಂತ್ರ ಅವನ ಬಳಿ ಇರಲಿಲ್ಲ. ಇದು ಕೈತಪ್ಪಿದರೆ ಶಾಲೆಯೇ ಕೈತಪ್ಪಿದಂತೆ, ಶಾಲೆ ಕೈತಪ್ಪಿದರೆ ಅಂಗಡಿಗೆ ಬೀಗ ಎಂಬುದು ಮಾತ್ರ ಗೊತ್ತಿತ್ತು.

ಬ್ಯಾಂಕಿಗೆ ಹೋದ. ಅಲ್ಲಿನ ಅಧಿಕಾರಿ, ಇವನೇ ಹೊಲಿದುಕೊಟ್ಟ ಪುಸ್ತಕಗಳಲ್ಲಿ ಓದಿ ಬೆಳೆದ ಹುಡುಗ, ಎದ್ದು ಬಂದು ಕುರ್ಚಿ ಎಳೆದ. "ಯಂತ್ರದ ಬೆಲೆಪಟ್ಟಿ ತನ್ನಿ ಚಾಚಾ. ನಾವು ಕೊಂಡು ನಿಮಗೆ ಮಾರ್ತೀವಿ. ಎಂಟು ದಿನದ ಕೆಲಸ." ಟೀ ಬಂತು. ಸೀಮೆಎಣ್ಣೆ ಜೀವನದಲ್ಲಿ ಬೆನ್ನು ಅಷ್ಟು ನೆಟ್ಟಗೆ ಮಾಡಿ ಎಂದೂ ಕೂತಿರಲಿಲ್ಲ.

ಮೂರನೆಯ ದಿನ ಭಾವಮೈದ ಏದುಸಿರು ಬಿಡುತ್ತ ಬಂದ. ಕಾಗದದ ವ್ಯಾಪಾರಿ, ಊರ ಸುದ್ದಿಯೆಲ್ಲ ಅವನ ಜೇಬಿನಲ್ಲೇ. "ಭಾವ, ಕೂತ್ಕೊಂಡು ಗೋಂದು ಕಲಸ್ತಾ ಇರು. ಆ ಯಂತ್ರಕ್ಕೆ ಇನ್ನೊಬ್ಬ ಗಿರಾಕಿ ಬಂದಿದಾನೆ. ಇರೋದು ಒಂದೇ. ಇನ್ನೊಂದು ಬರೋಕೆ ಮೂರು ತಿಂಗಳಂತೆ."

"ಬ್ಯಾಂಕಿನೋರು ಎಂಟು ದಿನ ಅಂದಿದಾರೆ."

"ಎಂಟು ದಿನ ಆ ಅಂಗಡಿಯವನು ಅದಕ್ಕೆ ಬೀಸಣಿಗೆ ಬೀಸ್ತಾ ಕೂರ್ತಾನಾ? ಮುಂಗಡ ಕೊಟ್ಟು ಹಿಡಿದಿಟ್ಕೋ. ಬಾಕಿ ಬ್ಯಾಂಕು ಕೊಡುತ್ತೆ."

ಸೀಮೆಎಣ್ಣೆ ಹೊತ್ತಿಕೊಂಡ. ಮನೆಗೆ ಓಡಿದ. ಹೆಂಡತಿ ಹೊಲಿಗೆಯಂತ್ರದ ಮುಂದೆ ಕೂತು ಯಾರದೋ ಕುಪ್ಪಸಕ್ಕೆ ತೋಳು ಕೂರಿಸುತ್ತಿದ್ದಳು. ಏಳನೇ ತರಗತಿಗೆ ಶಾಲೆ ಬಿಡಿಸಿದ್ದ ಹೆಣ್ಣು. ಮಧ್ಯಾಹ್ನದ ತರಗತಿಗೆ ಸೇರಬೇಕೆಂದು ಹೊಲಿಗೆಯ ಕಾಸನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಶುಲ್ಕ, ಪುಸ್ತಕ, ಒಂದು ಕನ್ನಡಕ. ಗಂಡ ಹೇಳಿದ್ದನ್ನು ಪೂರ್ತಿ ಕೇಳಿದಳು. ಎದ್ದು ಡಬ್ಬಿ ತಂದಳು.

"ತಗೊಳ್ಳಿ. ತರಗತಿ ಎಲ್ಲಿಗೂ ಓಡಿಹೋಗಲ್ಲ."

"ಎಂಟೇ ದಿನ, ಮಾರಾಯ್ತಿ. ಎಣಿಸಿ ತಂದು ಕೊಡ್ತೀನಿ."

"ನಾನು ಕೇಳಿದ್ನಾ?"

ಯಂತ್ರದ ಅಂಗಡಿಯವನು ಡಬ್ಬಿಯ ದುಡ್ಡನ್ನು ಎರಡು ಸಲ ಎಣಿಸಿ, ಒಂದು ಕಾಗದ ಮುಂದೆ ತಳ್ಳಿದ. ಕ್ರಯದ ಕಾಗದ. ಕೊಳ್ಳುವವನ ಜಾಗದಲ್ಲಿ ಸೀಮೆಎಣ್ಣೆ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದ. ಹೆಮ್ಮೆಯಿಂದಲೇ ಹಾಕಿದ.

ಎಂಟನೆಯ ದಿನ ಬ್ಯಾಂಕಿನಲ್ಲಿ ಮತ್ತೆ ಅದೇ ಕುರ್ಚಿ, ಅದೇ ಟೀ. ಹುಡುಗ ಕಾಗದಗಳನ್ನು ಮಗುಚುತ್ತ, ತಲೆ ಎತ್ತದೆಯೇ ಕೇಳಿದ. "ಮುಂಗಡ ಗಿಂಗಡ ಏನೂ ಕೊಟ್ಟಿಲ್ಲ ಅಲ್ವಾ ಚಾಚಾ?"

"ಕೊಟ್ಟಿದೀನಲ್ಲ! ಕೊಟ್ಟು ಹಿಡಿದಿಟ್ಟಿದೀನಿ. ಸಹೀನೂ ಆಗಿದೆ. ನೀವು ಬಾಕಿ ಕೊಟ್ರಾಯ್ತು."

ಹುಡುಗನ ಕೈ ನಿಂತಿತು. ಪೆನ್ನಿನ ಮುಚ್ಚಳ ಹಾಕಿದ. "ಚಾಚಾ... ಹಾಗಾದ್ರೆ ಅದು ಆಗ್ಲೇ ನಿಮ್ಮದು. ನಿಮ್ಮದನ್ನೇ ನಿಮಗೆ ನಾವು ಹೇಗೆ ಮಾರೋದು? ಈಗ ನಾವು ಕೊಡೋದು ಬರೀ ದುಡ್ಡಾಗುತ್ತೆ. ಅದರ ಮೇಲೆ ತಗೊಳ್ಳೋದು..." 

"ಏನೂ ತಗೊಳ್ದೆ ಕೊಡಿ ಹಾಗಾದ್ರೆ!"

"ಹಾಗೆ ಕೊಡೋಕೆ ಒಂದು ನಿಧಿ ಇದೆ. ಈ ವರ್ಷದ್ದೆಲ್ಲ ಶಾಲೆ ಮಕ್ಕಳ ಟ್ಯಾಬ್‌ಗೆ ಹೋಯ್ತು."

"ಯಾವನಯ್ಯ ಈ ನಿಯಮ ಮಾಡಿದೋನು?" ಸೀಮೆಎಣ್ಣೆ ಮೇಜು ಗುದ್ದಿದ. ಟೀ ಲೋಟ ಕುಣಿಯಿತು.

ಹುಡುಗ ಎದ್ದ. ಹಿಂದಿನ ಕಪಾಟಿನಿಂದ ಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಹಸಿರು ರಟ್ಟು. ಮೂಲೆಗಳು ಇನ್ನೂ ಚೂಪಾಗಿದ್ದವು, ಬೆನ್ನು ಒಂದಿಷ್ಟೂ ಸಡಿಲವಾಗಿರಲಿಲ್ಲ. ತಾನೇ ಹೊಲಿದದ್ದು. ಸೀಮೆಎಣ್ಣೆ ಅದನ್ನು ತೆರೆಯಲೇ ಇಲ್ಲ. ಒಳಗೇನಿದೆ ಎಂದು ಅವನಿಗೆ ಬಾಯಿಪಾಠ. ಆ ನಿಯಮ ಬ್ಯಾಂಕಿನ ಕೈ ಕಟ್ಟುತ್ತದೆ ಎಂದುಕೊಂಡಿದ್ದ. ತನ್ನ ಕೈಯೂ ಅದರೊಳಗೇ ಇದೆ ಎಂದು ಹೊಳೆದಿರಲಿಲ್ಲ. ಬಯ್ಯಲು ಬಾಯಿ ತೆರೆದ. ಯಾರನ್ನು ಬಯ್ಯುವುದು? ಹುಡುಗನ ಕಣ್ಣು ಒದ್ದೆಯಾಗಿತ್ತು. "ನೀವೇ ಹೇಳಿ ಚಾಚಾ, ನಾನೇನು ಮಾಡ್ಲಿ?" ಎಂದ. ಹುಡುಗ ತನ್ನನ್ನು ಬಯ್ದಿದ್ದರಾದರೂ ಚೆನ್ನಾಗಿತ್ತು.

ಯಂತ್ರದ ಅಂಗಡಿಗೆ ಹೋಗಿ ಕ್ರಯ ರದ್ದುಮಾಡೆಂದು ಅಂಗಲಾಚಿದ. "ಮಾಡ್ತೀನಿ. ಮುಂಗಡ ವಾಪಸ್ಸಿಲ್ಲ. ಯಂತ್ರ ಆ ಇನ್ನೊಬ್ಬರಿಗೆ ಹೋಗುತ್ತೆ. ನಿಮ್ಮ ಬ್ಯಾಂಕಿಗೆ ಬೇಕಿದ್ರೆ ಮೂರು ತಿಂಗಳು ಕಾಯ್ಲಿ" ಎಂದ ಅವನು. ಬೇರೆ ಕಡೆ ಬಡ್ಡಿಗೆ ತರಬಹುದಿತ್ತು. ಭಾವಮೈದ ವಿಳಾಸ ಸಮೇತ ಹೇಳಿದ. ಸೀಮೆಎಣ್ಣೆ ಆ ಬೀದಿಯ ತನಕ ನಡೆದು, ಬಾಗಿಲ ಮುಂದೆ ನಿಂತು, ವಾಪಸು ಬಂದ. ಅಪ್ಪನ ಚಾಪೆ ಕಣ್ಣ ಮುಂದಿತ್ತು. ಅಂತೂ ಮುಂಗಡವೂ ಹೋಯಿತು, ಯಂತ್ರವೂ ಹೋಯಿತು.

ಆಗ ಹೆಂಡತಿಯೇ ದಾರಿ ತೋರಿಸಿದಳು. ಹೊಲಿಗೆಯಂತ್ರದ ದಾರ ಬಿಚ್ಚಿ, ಬರೀ ಸೂಜಿಯ ಕೆಳಗೆ ಹಾಳೆ ಇಟ್ಟು ತುಳಿದಳು. ಟಿಕ್ ಟಿಕ್ ಟಿಕ್ ಎಂದು ತೂತಿನ ಸಾಲು ಮೂಡಿತು. ಸೀಮೆಎಣ್ಣೆ ಹಾಳೆಯನ್ನು ಹರಿದು ನೋಡಿದ, ಕತ್ತರಿಸಿದಂತೆ ಬಂತು. "ಅಬ್ಬಾ ನನ್ನ ಇಂಜಿನಿಯರ್ರೇ!" ಎಂದ.

"ಶುಲ್ಕ ಬೇರೆ ಕೊಡ್ಬೇಕು" ಎಂದಳು ಆಕೆ, ನಗುತ್ತ.

ಅವಳು ಗಿರಾಕಿಗಳ ಬಟ್ಟೆಯನ್ನು ಪಕ್ಕಕ್ಕಿಟ್ಟಳು. ಬೆಳಗ್ಗೆಯಿಂದ ಸಂಜೆಯವರೆಗೆ ತುಳಿದಳು. ಇವನು ಮಡಿಚಿ, ಹೊಲಿದು, ಅಂಟಿಸಿದ. ಕಾಗದ ಸೂಜಿಯನ್ನು ಮೊಂಡಾಗಿಸಿತು. ಹನ್ನೊಂದು ಸೂಜಿ ಮುರಿದವು. ದಿನಕ್ಕೆ ಹೆಚ್ಚೆಂದರೆ ಹದಿನೈದು ಪುಸ್ತಕ. ಶಾಲೆ ತೆರೆಯಲು ವಾರವಿದ್ದಾಗ ಮುನ್ನೂರು ಪುಸ್ತಕವೂ ಆಗಿರಲಿಲ್ಲ. ಹೆಡ್ಮಿಸ್ಸು ತಾವೇ ಅಂಗಡಿಗೆ ಬಂದರು. ಒಂದು ಪುಸ್ತಕ ಎತ್ತಿಕೊಂಡು ಬೆನ್ನು ಸವರಿದರು, ಒಂದು ಹಾಳೆ ಹರಿದರು.

"ತುಂಬಾ ಚೆನ್ನಾಗಿದೆ. ಆದ್ರೆ ಕೆಲವು ಮಕ್ಕಳಿಗೆ ಕೊಟ್ಟು ಉಳಿದೋರಿಗೆ ಇಲ್ಲ ಅನ್ನೋಕಾಗಲ್ಲ ಅಲ್ವಾ? ಈ ಸಲ ಟ್ಯಾಬ್‌ನಲ್ಲೇ ಹಾಕ್ತೀವಿ."

"ಮುಂದಿನ ಸಲ?"

ಹೆಡ್ಮಿಸ್ಸು ಹರಿದ ಹಾಳೆಯನ್ನು ನಾಲ್ಕಾಗಿ ಮಡಿಚಿ ಕೈಚೀಲದಲ್ಲಿ ಇಟ್ಟುಕೊಂಡರು. ಅಷ್ಟೇ.

ಅಂಗಡಿಗೆ ಬೀಗ ಬೀಳಲಿಲ್ಲ, ತೆರೆದೂ ಇಲ್ಲ ಎನ್ನುವಂತಾಯಿತು. ಬೆಳಗ್ಗೆ ಭಾವಮೈದನ ಗೋದಾಮಿನಲ್ಲಿ ಕಾಗದದ ರೀಮು ಕಟ್ಟುತ್ತಾನೆ, ಸಂಜೆ ಎರಡು ಗಂಟೆ ಅಂಗಡಿ. "ಕಟ್ಟೋದು ಕಟ್ಟೋದೇ ಭಾವ, ಪುಸ್ತಕ ಆದ್ರೇನು ರೀಮು ಆದ್ರೇನು" ಎಂದು ಭಾವಮೈದ ಒಮ್ಮೆ ಹೇಳಿದ್ದ. ಎರಡನೆಯ ಸಲ ಹೇಳಿಲ್ಲ.

ಹೆಂಡತಿಯ ದುಡ್ಡನ್ನು ಎರಡು ವರ್ಷದಲ್ಲಿ ಚಿಲ್ಲರೆ ಚಿಲ್ಲರೆಯಾಗಿ ಡಬ್ಬಿಗೆ ತುಂಬಿದ. ಅಷ್ಟರಲ್ಲಿ ಅವಳ ಕಣ್ಣು ಮಂಜಾಗಿತ್ತು. ಕನ್ನಡಕದಿಂದ ಆಗುವ ಮಾತಲ್ಲ, ಚಿಕಿತ್ಸೆ ಬೇಕು ಎಂದಿದ್ದರು ಡಾಕ್ಟರು. ದುಡ್ಡು ಅಲ್ಲಿಗೆ ಹೋಯಿತು, ಕಣ್ಣು ಮಾತ್ರ ತಿಳಿಯಾಗಲಿಲ್ಲ. "ಇನ್ನೇನು, ಲೆಕ್ಕ ಚುಕ್ತಾ ಆಯ್ತಲ್ಲ" ಎಂದಳು ಅವಳು. ತರಗತಿಯ ಮಾತನ್ನು ಇವನೂ ತೆಗೆಯಲಿಲ್ಲ.

ಹೋದ ತಿಂಗಳು ಶಾಲೆಯಿಂದ ಒಂದು ಕಟ್ಟು ಬಂತು. ಮಧ್ಯಾಹ್ನದ ತರಗತಿಯದು ಮಾತ್ರ ಇನ್ನೂ ಕಾಗದದ ಹಾಜರಿ. ಆರು ವರ್ಷದ ಹಾಳೆಗಳನ್ನು ಒಟ್ಟಿಗೆ ಸೇರಿಸಿ ರಟ್ಟು ಹಾಕಬೇಕಿತ್ತು. ಸೀಮೆಎಣ್ಣೆ ಕಿಟಕಿಯ ಬೆಳಕಿಗೆ ಹಿಡಿದು ಹಾಳೆಗಳನ್ನು ಸರಿಸಿದ. ಮೊದಲ ವರ್ಷದ ಮೊದಲ ಹಾಳೆಯ ಮೊದಲ ಸಾಲು. ಅಕ್ಷರ ಕೂಡಿಸಿ ಓದಿದ. ಮತ್ತೊಮ್ಮೆ ಓದಿದ. ಹೆಂಡತಿಯ ಹೆಸರು, ಪಕ್ಕದಲ್ಲಿ ಸೇರಿದ ತಾರೀಖು. ಡಬ್ಬಿ ತಂದು ಕೊಡುವ ಮೊದಲೇ ಹೋಗಿ ಹೆಸರು ಬರೆಸಿ ಬಂದಿದ್ದಳು, ಯಾರಿಗೂ ಹೇಳದೆ. ಮುಂದೆ ಆ ಸಾಲಿನ ಚೌಕಗಳಲ್ಲಿ ಒಂದು ಗುರುತೂ ಇರಲಿಲ್ಲ. ಕೆಳಗಿನ ಇಪ್ಪತ್ತೊಂದು ಹೆಂಗಸರ ಸಾಲುಗಳು ತುಂಬಿಹೋಗಿದ್ದವು.

ಹಾಳೆಗಳನ್ನು ಕುಟ್ಟಿ ನೇರಮಾಡಿದ. ಎಷ್ಟೋ ಹೊತ್ತು ಸೂಜಿಯ ಕಣ್ಣಿಗೆ ದಾರ ಹೋಗಲಿಲ್ಲ. ಮನೆಗೆ ಹೋದಾಗ ಹೆಂಡತಿ ಹೆಜ್ಜೆಯ ಸದ್ದಿಗೇ ಗುರುತು ಹಿಡಿದು, "ಶಾಲೆಯಿಂದ ಕೆಲಸ ಬಂತಂತೆ, ಏನದು?" ಎಂದು ಕೇಳಿದಳು.

"ಯಾವುದೋ ಹಳೇ ಹಾಜರಿ" ಎಂದ.